ಸೋದರಮಾವ ಶ್ರುತಿ ಮಾಡಿದ ಗಿಟಾರು

ನನ್ನ ಎಡಗೈಯ ಕೊನೆಯ ಎರಡು ಬೆರಳುಗಳಿಗೆ ಏನೂ ತಿಳಿಯುವುದಿಲ್ಲ. ಬಿಸಿ ತಿಳಿಯುವುದಿಲ್ಲ, ತಣ್ಣಗಿರುವುದು ತಿಳಿಯುವುದಿಲ್ಲ, ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಎರಡೂ ನಡುಗೆಣ್ಣಿನಲ್ಲಿ ಬಾಗಿ ಅಂಗೈ ಕಡೆ ಮುಖ ಮಾಡಿಕೊಂಡು ನಿಂತುಬಿಟ್ಟಿವೆ. ಬಿ.ಎಡ್. ಓದುತ್ತಿದ್ದಾಗ ಮೊಣಕೈ ಹತ್ತಿರ ಒಂದು ತಿಳಿಬಣ್ಣದ ಮಚ್ಚೆ ಕಾಣಿಸಿಕೊಂಡಿತ್ತು. ವಿಜ್ಞಾನದ ಪದವಿ ಪಡೆದ ಜಾಣೆ ನಾನು, ಅದಕ್ಕೆ ಗಜಕರ್ಣದ ಮುಲಾಮು ಹಚ್ಚಿಕೊಂಡು ವರ್ಷ ಕಳೆದೆ. ಕುಷ್ಠ ಎಂದು ವೈದ್ಯರು ಹೇಳುವ ಹೊತ್ತಿಗೆ ಆ ಕೈಯ ನರ ಹೋಗಿತ್ತು. ಗುಳಿಗೆ ನುಂಗಿದೆ, ರೋಗ ಪೂರ್ತಿ ವಾಸಿಯಾಯಿತು, ಬೆರಳು ಮಾತ್ರ ಹಾಗೇ ಉಳಿದವು. ಈಗ ನರೋಣಾದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಅಲ್ಲಿ ಯಾರಾದರೂ ಕೈ ನೋಡಿ ಕೇಳಿದರೆ ‘ನರ ಹಿಡ್ಕೊಂಡಾವ್ರಿ’ ಎಂದು ಹೇಳಿ ಮಾತು ತಿರುಗಿಸುತ್ತೇನೆ. ಅದು ಸುಳ್ಳೇನಲ್ಲ, ಪೂರ್ತಿ ನಿಜವೂ ಅಲ್ಲ.

ನೋವು ತಿಳಿಯದ ಬೆರಳನ್ನು ಕಣ್ಣಿನಿಂದ ಕಾಯಬೇಕು. ರೊಟ್ಟಿ ಬೇಯಿಸುವಾಗ ಹಂಚಿಗೆ ತಾಗಿ ಸುಟ್ಟರೆ ವಾಸನೆ ಬಂದಮೇಲೇ ನನಗೆ ಗೊತ್ತಾಗುವುದು; ಹಾಗೆ ಎರಡು ಸಲ ಆಗಿದೆ. ಆದ್ದರಿಂದ ಆಳಂದದ ನಮ್ಮ ಮನೆಯಲ್ಲಿ ದಿನಾ ಸಂಜೆ ಚಹಾ ಆದಮೇಲೆ ನನ್ನ ಗಂಡ ಕನ್ನಡಕ ಏರಿಸಿಕೊಂಡು ನನ್ನ ಎಡಗೈ ಹಿಡಿದು ನೋಡುತ್ತಾರೆ. ಅವರು ಟೇಲರ್, ಮನೆಯ ಮುಂಭಾಗದಲ್ಲೇ ಅಂಗಡಿ. ಬಿಟ್ಟುಹೋದ ಹೊಲಿಗೆ ಹುಡುಕುವ ಕಣ್ಣಿನಲ್ಲೇ ಬೆರಳಿನ ಸಂದಿ, ಉಗುರಿನ ಸುತ್ತ, ಗೆಣ್ಣಿನ ಹಿಂದೆ ಎಲ್ಲ ನೋಡಿ, ‘ಬರೋಬ್ಬರಿ ಅದ’ ಎಂದು ಕೈ ಬಿಡುತ್ತಾರೆ. ಮದುವೆಯಾದ ಹೊಸತರಲ್ಲಿ ಇದರಿಂದ ನನಗೆ ಮೈ ಉರಿಯುತ್ತಿತ್ತು. ಗಂಡ ಕೈ ಹಿಡಿಯುವುದು ಹುಣ್ಣು ಹುಡುಕುವುದಕ್ಕೇ ಏನು? ವರ್ಷಗಳು ಕಳೆದ ಹಾಗೆ ಅದು ಚಹಾದಷ್ಟೇ ಅಭ್ಯಾಸವಾಯಿತು.

ಇಂಥ ಕೈಯವಳ ಹತ್ತಿರ ಗಿಟಾರು ಬಂದದ್ದು ಎಂಟನೆಯ ತರಗತಿಯ ‘ಶಬ್ದ’ ಪಾಠದಿಂದ. ಯಾರೋ ದಾನಿಗಳು ಶಾಲೆಗೆ ಕೊಟ್ಟ ಹಾರ್ಮೋನಿಯಂ, ತಬಲಾಗಳ ಜೊತೆ ಒಂದು ಗಿಟಾರೂ ಇತ್ತು. ನುಡಿಸುವವರಿಲ್ಲದೆ ಸ್ಟಾಫ್ ರೂಮಿನ ಕಪಾಟಿನ ಮೇಲೆ ಮಲಗಿತ್ತು. ಕಂಪನ ಅಂದರೇನು ಎಂದು ತೋರಿಸಲು ನಾನು ಪ್ರತಿ ವರ್ಷ ಒಂದು ಡಬ್ಬಿಗೆ ರಬ್ಬರ್ ಬ್ಯಾಂಡ್ ಎಳೆದು ಕಟ್ಟುತ್ತಿದ್ದೆ. ಆ ವರ್ಷ ರಬ್ಬರ್ ಬ್ಯಾಂಡ್ ಸಿಗಲಿಲ್ಲ, ಧೂಳು ಒರೆಸಿ ಗಿಟಾರನ್ನೇ ಒಯ್ದೆ. ಮೇಜಿನ ಮೇಲೆ ಜಾಗವಿರಲಿಲ್ಲ. ಎದೆಗೆ ಆನಿಸಿ ಹಿಡಿದುಕೊಂಡು ಎಲ್ಲಕ್ಕಿಂತ ದಪ್ಪ ತಂತಿಯನ್ನು ಬಲಗೈ ಹೆಬ್ಬೆರಳಿನಿಂದ ಮೀಟಿದೆ.

ಮಕ್ಕಳು ‘ಹೋ’ ಎಂದರು. ಆ ಶಬ್ದ ನನಗೆ ಕಿವಿಯಿಂದ ಬರಲಿಲ್ಲ, ಪಕ್ಕೆಲುಬಿನಿಂದ ಬಂತು. ಶಬ್ದವು ಘನವಸ್ತುಗಳ ಮೂಲಕ ಚೆನ್ನಾಗಿ ಚಲಿಸುತ್ತದೆ ಎಂದು ಹದಿನೈದು ವರ್ಷದಿಂದ ಬೋರ್ಡಿನ ಮೇಲೆ ಬರೆದು, ಮಕ್ಕಳಿಂದ ಬಾಯಿಪಾಠ ಮಾಡಿಸಿ, ಪರೀಕ್ಷೆಯಲ್ಲಿ ಅದಕ್ಕೊಂದು ಅಂಕ ಕೊಟ್ಟವಳು ನಾನು. ಆ ಘನವಸ್ತು ನಾನೂ ಹೌದು ಎಂದು ಅವತ್ತೇ ಗೊತ್ತಾದದ್ದು. ಮೈಯ ಒಂದು ಭಾಗ ಸುಮ್ಮನಾಗಿಬಿಟ್ಟವರಿಗೆ ಇದು ಸಣ್ಣ ಮಾತಲ್ಲ. ಮರದ ಪೆಟ್ಟಿಗೆ ನಡುಗಿದರೆ ನಾನೂ ನಡುಗುತ್ತೇನೆ! ಮತ್ತೆ ಮೀಟಿದೆ, ಇನ್ನೂ ಒಮ್ಮೆ ಮೀಟಿದೆ. ಪಾಠ ಮರೆತು ಗಂಟೆ ಹೊಡೆಯುವವರೆಗೂ ಅದೇ ಒಂದು ತಂತಿ ಮೀಟುತ್ತ ನಿಂತಿದ್ದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಪೆನ್ನು ಹಿಡಿದುಕೊಂಡು, ‘ಟೀಚರ್, ಇದನ್ನ ಬರಕೋಬೇಕೇನ್ರಿ?’ ಎಂದು ಕೇಳಿದಳು.

ಮುಂದಿನ ರಜೆಯಲ್ಲಿ ಕಲಬುರಗಿಗೆ ಹೋಗಿ ನನ್ನದೇ ಒಂದು ಗಿಟಾರು ತಂದೆ. ಅಂಗಡಿಯವನು ‘ಮಗನಿಗೇನ್ರಿ?’ ಎಂದ. ‘ನನಗ’ ಎಂದೆ. ಅವನ ಕಣ್ಣು ನನ್ನ ಎಡಗೈ ಮೇಲೆ ಒಂದು ಕ್ಷಣ ನಿಂತು, ತಪ್ಪು ಮಾಡಿದವರ ಹಾಗೆ ಗಿಟಾರಿನ ಕಡೆ ಓಡಿತು. ಆ ಒಂದು ಕ್ಷಣ ನನಗೆ ಬಹಳ ವರ್ಷಗಳ ಪರಿಚಯ. ಆ ವಾರವೇ ಅಫಜಲಪುರದಿಂದ ಬಂದಿದ್ದ ನನ್ನ ನಾದಿನಿ ಮಾತ್ರ ಅಷ್ಟು ಸೂಕ್ಷ್ಮದವಳಲ್ಲ. ‘ಇದೇನ್ ವೈನಿ, ಸರೀಗಿ ರೊಟ್ಟಿ ತಿರುವಾಕ ಬರಂಗಿಲ್ಲ ನಿಮಗ, ಇದನ್ನ ಬಾರಸ್ತೀರಿ?’ ಎಂದು ನಕ್ಕಳು. ನಾನೂ ನಕ್ಕೆ. ಒಳಗೆ ಮಾತ್ರ, ನಿನ್ನನ್ನೇ ಕೂರಿಸಿಕೊಂಡು ಕೇಳಿಸುತ್ತೇನೆ ತಾಳು ಎಂದುಕೊಂಡೆ.

ಕಲಿಸುವವರು ನನಗೆ ಆಳಂದದಲ್ಲಿ ಸಿಗಲಿಲ್ಲ. ಫೋನಿನ ವಿಡಿಯೋಗಳೇ ಗುರು. ಅದರಲ್ಲಿ ಬೆರಳಿನಿಂದಲೇ ನುಡಿಸುವ ಒಂದು ರೀತಿ ನೋಡಿ ಮರುಳಾದೆ. ಬಲಗೈ ಹೆಬ್ಬೆರಳು ದಪ್ಪ ತಂತಿಗಳ ಮೇಲೆ ತನ್ನ ಪಾಡಿಗೆ ತಾಳ ಹಾಕುತ್ತಿರುತ್ತದೆ. ಅದೇ ಕೈಯ ಉಳಿದ ಬೆರಳುಗಳು ಸಣ್ಣ ತಂತಿಗಳಲ್ಲಿ ಹಾಡು ನುಡಿಯುತ್ತವೆ. ಒಬ್ಬರೇ ಕೂತಿದ್ದರೂ ಇಬ್ಬರು ನುಡಿಸಿದಂತೆ ಕೇಳುತ್ತದೆ. ನನ್ನ ಬಲಗೈ ಗಟ್ಟಿಮುಟ್ಟು. ಒಂದೂವರೆ ತಿಂಗಳಲ್ಲಿ ಹೆಬ್ಬೆರಳು ಉಳಿದವರ ಉಸಾಬರಿ ಬಿಟ್ಟು ತಾನೇ ನಡೆಯಲು ಕಲಿತುಬಿಟ್ಟಿತು. ಅದನ್ನು ನೋಡುತ್ತ ಕೂರುವುದೇ ನನಗೊಂದು ಬೆರಗಾಗಿತ್ತು. ನನ್ನದೇ ಬೆರಳು, ಆದರೂ ನಾನು ಹೇಳದೆ ಕೆಲಸ ಮಾಡುತ್ತಿದೆ!

ತೊಂದರೆ ಇದ್ದದ್ದು ಎಡಗೈಯಲ್ಲಿ. ಬಲಗೈ ಮೀಟುವಾಗ ಎಡಗೈ ಬೆರಳುಗಳು ಮೂರ್ನಾಲ್ಕು ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿಯಬೇಕು. ಅದಕ್ಕೆ ಕಾರ್ಡ್ ಅನ್ನುತ್ತಾರೆ. ನನಗಿದ್ದದ್ದು ತೋರುಬೆರಳು, ನಡುಬೆರಳು ಎರಡೇ. ಎರಡು ಬೆರಳಿಗೆ ಸಿಗುವ ಕಾರ್ಡುಗಳು ಒಂದೋ ಎರಡೋ. ಅವನ್ನೇ ಎರಡು ತಿಂಗಳು ಬಾರಿಸಿದೆ. ಗಂಡ ಹೊಲಿಗೆ ಯಂತ್ರದ ಮುಂದಿನಿಂದ, ‘ಭಾಳ ಛಲೋ ಅದ, ಆದ್ರ ಮುಂದಕ್ಕ ಹೋಗಂಗಿಲ್ಲೇನ ಇದು?’ ಎಂದು ಕೇಳಿದರು. ಪಾಪ, ಅವರು ನಿಜವಾಗಿಯೇ ಕೇಳಿದ್ದು. ನನಗೆ ಸಿಟ್ಟು ನೆತ್ತಿಗೇರಿತು.

ಹಟಕ್ಕೆ ಬಿದ್ದು, ಬಾಗಿದ ಉಂಗುರ ಬೆರಳನ್ನು ಬಲಗೈಯಿಂದ ಎತ್ತಿ ತಂತಿಯ ಮೇಲೆ ಇಟ್ಟು, ಮಣಿಕಟ್ಟಿನಿಂದ ಒತ್ತಲು ಶುರುಮಾಡಿದೆ. ವಿಡಿಯೋದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ಮೊದಮೊದಲು ಬೆರಳಿನ ತುದಿ ನೋಯುತ್ತದೆ, ನೋವಾದಾಗ ನಿಲ್ಲಿಸಿ. ನನಗೆ ನಗು ಬಂತು. ಆ ಬೆರಳಿಗೆ ನೋವೇ ಇಲ್ಲ, ನಿಲ್ಲಿಸುವುದೇಕೆ? ಜನ್ಮದಲ್ಲಿ ಮೊದಲ ಸಲ ನನ್ನ ರೋಗದಿಂದ ಒಂದು ಲಾಭವಾಯಿತು ಎಂದುಕೊಂಡೆ. ಬೇರೆಯವರು ಹತ್ತು ನಿಮಿಷ ಮಾಡಿದರೆ ನಾನು ಒಂದು ತಾಸು ಮಾಡಿದೆ. ಒಂದು ಭಾನುವಾರ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೂ ಎದ್ದಿರಲಿಲ್ಲ. ಆ ಸ್ವರ ಮೂರು ಸಲಕ್ಕೊಮ್ಮೆ ಸ್ಪಷ್ಟವಾಗಿ ಬರತೊಡಗಿತ್ತು, ಗೆದ್ದೆ ಎಂದುಕೊಂಡಿದ್ದೆ.

ಊಟಕ್ಕೆ ಕರೆಯಲು ಬಂದ ಗಂಡ ಬಾಗಿಲಲ್ಲೇ ನಿಂತರು. ‘ಅದೇನ ಕೆಂಪಗ?’ ಎಂದರು. ಗಿಟಾರಿನ ಕುತ್ತಿಗೆಯ ಕರಿ ಮರದ ಮೇಲೆ ರಕ್ತ ಸವರಿಕೊಂಡಿತ್ತು. ಬೆರಳಿನ ತುದಿಯನ್ನು ತಂತಿ ಗೀರಿ ಗೀರಿ ಒಳಗೆ ಇಳಿದಿತ್ತು. ಎಷ್ಟು ಹೊತ್ತಿನಿಂದ ರಕ್ತ ಬರುತ್ತಿತ್ತೋ ನನಗೆ ಈಗಲೂ ಗೊತ್ತಿಲ್ಲ.

ಗಾಯ ಕೀವಾಯಿತು. ಆರು ವಾರ ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಮೊದಲಿಂದಲೂ ನನ್ನ ಕೈ ನೋಡುತ್ತಿದ್ದ ಡಾಕ್ಟರ್ ಬಾಯಿ ಸಮಾಧಾನದ ಹೆಂಗಸು. ಅವರು ಅವತ್ತು ನನ್ನ ಮುಖ ನೋಡದೆ ಬೆರಳನ್ನೇ ನೋಡುತ್ತ ಹೇಳಿದರು: ‘ಇನ್ನೊಮ್ಮೆ ಇಂಥಾ ಗಾಯ ಆತಂದ್ರ ಎಲುಬಿಗೆ ಹೋಗ್ತದ್ರಿ. ಆಗ ಬೆರಳ ತೆಗೀಬೇಕಾಗ್ತದ. ಬೆರಳ ಬೇಕೋ, ಆಟ ಬೇಕೋ, ನೀವೇ ನೋಡ್ರಿ.’

‘ಆಟ’ ಅನ್ನುವ ಮಾತು ನನಗೆ ಚುಚ್ಚಿತು. ಆದರೆ ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕೆಲಸಕ್ಕೆ ಬಾರದ ಬೆರಳು ಅದು, ನಿಜ. ಆದರೂ ಅದು ಇರುವವರೆಗೆ ನಾನು ನರ ಹಿಡಿದುಕೊಂಡ ಟೀಚರ್. ಅದು ಹೋದರೆ ಊರಿಗೆಲ್ಲ ಆ ರೋಗದ ಹೆಸರು ಹೇಳುತ್ತ ಓಡಾಡಿದ ಹಾಗೆ. ಮನೆಗೆ ಬಂದಮೇಲೆ ಗಂಡ ಬೈಯಲಿಲ್ಲ. ‘ನಾ ನಿನಗ ಇಷ್ಟ ವರ್ಷದಾಗ ಏನರ ಕೇಳೇನೇನ? ಇದೊಂದು ಕೇಳ್ತೇನಿ, ಬಿಡು’ ಎಂದರು. ಕೇಳಿರಲಿಲ್ಲ ಅನ್ನುವುದು ಖರೆ. ಗಿಟಾರು ಕಪಾಟಿನ ಮೇಲೆ ಹೋಯಿತು. ಆ ಮೂರು ತಿಂಗಳು ನಾನು ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯುತ್ತಿದ್ದೆ. ರೊಟ್ಟಿ ಬಡಿಯುವಾಗ ಬಲಗೈ ಹೆಬ್ಬೆರಳು ಹಿಟ್ಟು ನಾದುವ ಕೊಣಮಿಗೆಯ ಅಂಚಿನ ಮೇಲೆ ತಾನಾಗಿಯೇ ತಾಳ ಹಾಕುತ್ತಿತ್ತು. ಅದನ್ನು ನೋಡಿದರೆ ಅಳು ಬರುತ್ತಿತ್ತು.

ಕಣ್ಣೆದುರು ಇದ್ದರೆ ಬಿಡುವುದಾಗುವುದಿಲ್ಲ ಎಂದು ಕೊನೆಗೆ ಅದನ್ನು ಇಜೇರಿಯಲ್ಲಿರುವ ನನ್ನ ಸೋದರಮಾವನಿಗೆ ಕೊಟ್ಟು ಬರಲು ನಿರ್ಧರಿಸಿದೆ. ಮಾಮಾ ಹೊಲ ಮಾಡಿಕೊಂಡಿರುವವರು. ಅಲ್ಲಿನ ನಮ್ಮವರ ಓಣಿಯ ಬುದ್ಧವಿಹಾರದಲ್ಲಿ ಹುಣ್ಣಿಮೆ ಹುಣ್ಣಿಮೆಗೆ ಹಾಡುವ ಭಜನಾ ಮೇಳಕ್ಕೆ ಪೇಟಿ ಬಾರಿಸುತ್ತಾರೆ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುವುದು. ಮೇಳದಲ್ಲಿ ಯಾರಾದರೂ ಗಿಟಾರು ಕಲಿತಾರು ಎಂದುಕೊಂಡೆ. ಹಳೆಯ ಕೌದಿಯಲ್ಲಿ ಸುತ್ತಿಕೊಂಡು ಆಳಂದದಿಂದ ಕಲಬುರಗಿ, ಅಲ್ಲಿಂದ ಜೇವರ್ಗಿ, ಅಲ್ಲಿಂದ ಇಜೇರಿ, ಮೂರು ಬಸ್ಸು ಹತ್ತಿ ಇಳಿದೆ. ಜೇವರ್ಗಿ ಬಸ್ಸಿನ ಕಂಡಕ್ಟರ್ ನನ್ನ ತೊಡೆಯ ಮೇಲಿನ ಗಂಟನ್ನು ನೋಡಿ, ‘ಬಾಯಾರ, ಕೂಸಿನ ಮುಖದ ಮ್ಯಾಲಿಂದ ಜರಾ ಕೌದಿ ಸರಸ್ರಿ, ಗಾಳಿ ಆಡ್ಲಿ’ ಎಂದ. ಬಸ್ಸೆಲ್ಲ ನನ್ನ ಕಡೆ ತಿರುಗಿತು. ನನಗೆ ಬೇರೇನೂ ತೋಚದೆ ಕೌದಿ ಸರಿಸಿದೆ.

ಮಾಮಾ ಅದಕ್ಕೆ ಮೊದಲು ಗಿಟಾರನ್ನು ಕೈಯಲ್ಲಿ ಹಿಡಿದವರಲ್ಲ. ಕಟ್ಟೆಯ ಮೇಲೆ ಕೂತು, ಒಂದೊಂದೇ ತಂತಿ ಮೀಟಿ, ಕಿವಿ ಹತ್ತಿರ ತಂದು ಕೇಳಿ, ಹಳಸಿದ ಸಾರು ಬಾಯಿಗೆ ಹಾಕಿಕೊಂಡವರ ಹಾಗೆ ಮುಖ ಮಾಡಿದರು.

‘ಏನ್ ಬೇ ಇದು, ಯಾರ್ ಕೆಡಿಸ್ಯಾರ ಇದರ ಶ್ರುತಿ? ಒಂದಕ್ಕೊಂದು ಮಾತೇ ಆಡಂಗಿಲ್ಲ.’

‘ಅದು ಹಂಗೇ ಇರ್ತದ ಮಾಮಾ. ಜಗತ್ತಿನಾಗೆಲ್ಲ ಹಂಗೇ ಕಟ್ತಾರ.’

‘ಜಗತ್ತು ತಪ್ಪಿದ್ರ ತಪ್ಪಲಿ. ನಮ್ಮ ಮನ್ಯಾಗ ಯಾಕ ತಪ್ಪಬೇಕು?’ ಎಂದು ಹೇಳಿ, ಒಳಗಿಂದ ಪೇಟಿ ತರಿಸಿಕೊಂಡು ಮುಂದಿಟ್ಟುಕೊಂಡರು.

ಮಾಮಾರ ಮೇಳ ಹಾಡುವುದೆಲ್ಲ ಪೇಟಿಯ ಎರಡನೆಯ ಬಿಳಿ ಮನೆಯಿಂದ, ಅಂದರೆ ಕೀಲಿಯಿಂದ. ಅದೇ ಅವರ ಷಡ್ಜ. ಎಡಗೈಯಿಂದ ಗಾಳಿ ಹಾಕುತ್ತ ಆ ಮನೆ ಒತ್ತಿ ಹಿಡಿಯಲು ನನಗೆ ಹೇಳಿ, ತಾವು ಗಿಟಾರಿನ ಬಿರಡೆ ತಿರುಗಿಸತೊಡಗಿದರು. ಏಕತಾರಿಯನ್ನೋ ತಂಬೂರಿಯನ್ನೋ ಶ್ರುತಿ ಮಾಡುವವರಿಗೆ ತಂತಿ ಅಂದರೆ ಎರಡೇ ಕೆಲಸ: ಒಂದೋ ಸ, ಇಲ್ಲವೇ ಪ. ಎಲ್ಲಕ್ಕಿಂತ ದಪ್ಪ ತಂತಿಯನ್ನು ಸಡಿಲಿಸಿ ಸ ಮಾಡಿದರು. ಮುಂದಿನದು ಪ. ಅದರ ಮುಂದಿನದು ಮೇಲಿನ ಸ. ನಾಲ್ಕನೆಯದನ್ನು ಬಿಗಿ ಮಾಡಿ ಪ ಮಾಡಲು ಹೋದರು, ಅದು ಕಿರಗುಟ್ಟಿತು. ‘ಹರೀತದ ಇದು’ ಎಂದು ಹೆದರಿ ಇದ್ದಲ್ಲಿಗೇ ಇಳಿಸಿ, ‘ಹಟಮಾರಿ ಅದ, ಮಧ್ಯಮದಾಗೇ ಕುಂದರ್ಲಿ’ ಎಂದು ಬಿಟ್ಟುಬಿಟ್ಟರು. ಉಳಿದ ಎರಡನ್ನು ಇಳಿಸಿ ಪ, ಸ ಮಾಡಿದರು. ನಾನು ತಡೆಯಲಿಲ್ಲ. ಕೊಟ್ಟ ಮೇಲೆ ಅದು ಅವರದು, ಏನಾದರೂ ಮಾಡಿಕೊಳ್ಳಲಿ ಎಂದು ಬೇಜಾರಿನಲ್ಲಿ ಗಾಳಿ ಹಾಕುತ್ತ ಕೂತಿದ್ದೆ.

ಆಮೇಲೆ ಅವರು ಅಡ್ಡಲಾಗಿ ಕೈ ಎಳೆದು ಆರೂ ತಂತಿಗಳನ್ನು ಒಟ್ಟಿಗೆ ಮೀಟಿದರು.

ಅದನ್ನು ಹೇಗೆ ಹೇಳಲಿ? ಕಟ್ಟೆ ತುಂಬಿತು. ಆರು ತಂತಿಗಳೂ ಒಂದೇ ಮನೆಯವರಾಗಿಬಿಟ್ಟಿದ್ದವು. ಒಂದು ನಿಲ್ಲುವ ಮೊದಲೇ ಇನ್ನೊಂದು ಅದನ್ನು ಎತ್ತಿಕೊಳ್ಳುತ್ತಿತ್ತು. ಆ ಹಟಮಾರಿ ಮಧ್ಯಮ ನಡುವೆ ನಿಂತು ಎಲ್ಲವನ್ನೂ ಒಂದಿಷ್ಟು ಕಾಯಿಸುತ್ತಿತ್ತು, ಇನ್ನೇನೋ ಬರಲಿದೆ ಅನ್ನುವ ಹಾಗೆ. ನಾನು ಪೇಟಿಗೆ ಗಾಳಿ ಹಾಕುವುದನ್ನು ಮರೆತೆ. ಮಾಮಾರ ಎಡಗೈ ನೋಡಿದೆ. ಅದು ಗಿಟಾರಿನ ಕುತ್ತಿಗೆಯನ್ನು ಕೆಳಗಿನಿಂದ ಸುಮ್ಮನೆ ಹಿಡಿದುಕೊಂಡಿತ್ತು, ಒಂದು ತಂತಿಯನ್ನೂ ಮುಟ್ಟಿರಲಿಲ್ಲ. ಎಡಗೈ ಏನೂ ಮಾಡದೆ ಇಷ್ಟು ನಾದ!

‘ಇಲ್ಲಿ ಕೊಡ್ರಿ’ ಎಂದು ಕಸಿದುಕೊಂಡೆ. ಬಲಗೈ ಹೆಬ್ಬೆರಳನ್ನು ದಪ್ಪ ತಂತಿಗಳ ಮೇಲೆ ಬಿಟ್ಟೆ. ಮೂರು ತಿಂಗಳ ಉಪವಾಸ ಮಾಡಿದ್ದ ಹೆಬ್ಬೆರಳು ಸ, ಪ, ಸ ಎಂದು ನಡೆಯತೊಡಗಿತು. ಅದು ಏಕತಾರಿಯೇ ಆಗಿತ್ತು. ಹುಟ್ಟಿದಾಗಿನಿಂದ ಕೇಳಿದ ನಾದ. ಇನ್ನು ಹಾಡು ಒಂದೇ ಬಾಕಿ, ಅದಕ್ಕೆ ಸಣ್ಣ ತಂತಿಯ ಮೇಲೆ ಒಂದೋ ಎರಡೋ ಬೆರಳು ಓಡಾಡಿದರೆ ಸಾಕು. ನನ್ನ ಹತ್ತಿರ ಇದ್ದದ್ದೇ ಎರಡು. ತಿಂಗಳುಗಟ್ಟಲೆ ತಲೆ ಚಚ್ಚಿಕೊಂಡದ್ದು ಮಾಮಾರ ಒಂದು ತಪ್ಪಿನಿಂದ ಸರಿಹೋಯಿತು. ದೂರದ ದೇಶಗಳಲ್ಲಿ ದೊಡ್ಡ ದೊಡ್ಡ ವಾದಕರು ಬೇಕೆಂದೇ ಗಿಟಾರನ್ನು ಹೀಗೆ, ಸ ಪ ಸ ಮ ಪ ಸ ಎಂದು ಕಟ್ಟಿಕೊಳ್ಳುತ್ತಾರೆ ಅನ್ನುವುದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ, ಫೋನಿನಲ್ಲಿ. ಮಾಮಾರಿಗೆ ಹೇಳಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ. ‘ಕಿವಿ ಇದ್ದಾವರು ಹಂಗೇ ಕಟ್ತಾರ’ ಎಂದರು, ಅಷ್ಟೇ.

ಅವತ್ತು ಕಟ್ಟೆಯ ಮೇಲೆ ಯಾವ ಹಾಡು ನುಡಿಸಲಿ ಎಂದು ಕೇಳಿದೆ. ಮಾಮಾ ನನ್ನ ಅವ್ವ ಜೋಳ ಬೀಸುವಾಗ ಹಾಡುತ್ತಿದ್ದ ಪದವೊಂದನ್ನು ಗುನುಗಿದರು. ಅವ್ವ ತೀರಿಕೊಂಡು ಒಂಬತ್ತು ವರ್ಷ. ಅವಳು ಮಾಮಾರಿಗಿಂತ ಎಂಟು ವರ್ಷ ದೊಡ್ಡವಳು, ಎತ್ತಿ ಆಡಿಸಿದವಳು. ನಮ್ಮ ಕಡೆ ಬೀಸುವ ಪದಗಳಲ್ಲಿ ಹೆಣ್ಣುಮಕ್ಕಳು ತವರಿನ ಅಣ್ಣತಮ್ಮಂದಿರ ಹೆಸರು ಸೇರಿಸಿಕೊಂಡು ಹಾಡುತ್ತಾರೆ. ಅವ್ವನ ಪದದಲ್ಲೂ ಪ್ರತಿ ನುಡಿಯ ಕೊನೆಗೆ ಮಾಮಾರ ಹೆಸರು ಬರುತ್ತಿತ್ತು. ಮಾಮಾ ಹಾಡುವಾಗ ಅಲ್ಲಿ ಬಂದು ನಾಚಿದರು. ತನ್ನ ಹೆಸರನ್ನು ತಾನೇ ಹಾಡಿಕೊಳ್ಳುವುದು ಹೇಗೆ? ಹೆಸರಿನ ಜಾಗದಲ್ಲಿ ಬಾಯಿ ಮುಚ್ಚಿ ರಾಗ ಮಾತ್ರ ಎಳೆದರು. ಮಧ್ಯಮದಿಂದ ಪಂಚಮಕ್ಕೆ ಏರಿ, ಅಲ್ಲಿ ಒಂದು ಗಳಿಗೆ ತೂಗಾಡಿ, ಎಲ್ಲೂ ಮುರಿಯದೆ ಜಾರುತ್ತ ಷಡ್ಜಕ್ಕೆ ಬಂದು ಕೂರುವ ಎಳೆತ ಅದು. ಬೀಸುಕಲ್ಲಿನ ಮುಂದೆ ಬಾಗಿದ ಅವ್ವನ ಬೆನ್ನು ನನ್ನ ಕಣ್ಣಿಗೆ ಕಟ್ಟಿತು.

ಗಿಟಾರು ಕೊಡಲು ಹೋದವಳು ಅದನ್ನೇ ಕೌದಿಯಲ್ಲಿ ಸುತ್ತಿಕೊಂಡು ವಾಪಸ್ ಬಂದೆ. ಗಂಡ ಬಾಗಿಲು ತೆಗೆದವರು ಗಂಟನ್ನೂ ನೋಡಿದರು, ನನ್ನನ್ನೂ ನೋಡಿದರು. ‘ಎರಡ ಬೆರಳಿಂದ ಬಾರಸ್ತೇನಿ. ಖರೇನ. ಆ ಬೆರಳ ಮುಟ್ಟಂಗಿಲ್ಲ’ ಎಂದು ಆಣೆ ಮಾಡಿದೆ.

ಹದಿನೈದು ದಿನದಲ್ಲಿ ಅವ್ವನ ಪದ ಬಂತು. ಹೆಬ್ಬೆರಳು ಬೀಸುಕಲ್ಲಿನ ಹಾಗೆ ಸುತ್ತುತ್ತಿತ್ತು, ಎರಡು ಬೆರಳು ಪದ ನುಡಿಯುತ್ತಿದ್ದವು. ಬಾರದೆ ಉಳಿದದ್ದು ಹೆಸರಿನ ಜಾಗ ಒಂದೇ. ಬೆರಳಿನಿಂದ ಒತ್ತಿ ಜಾರಿಸಿದರೆ ಗಿಟಾರಿನ ಕುತ್ತಿಗೆಯ ಮೇಲಿನ ಲೋಹದ ಮೆಟ್ಟಿಲುಗಳು ಅದನ್ನು ಕಡಿದು ಕಡಿದು ಕೊಡುತ್ತಿದ್ದವು. ಅವ್ವ ಒಂದೇ ಉಸಿರಿನಲ್ಲಿ ಕರೆಯುತ್ತಿದ್ದ ಹೆಸರು ಮುಕ್ಕು ಮುಕ್ಕಾಗಿ ಬರುತ್ತಿತ್ತು. ಅದಿಲ್ಲದೆ ಆ ಪದಕ್ಕೆ ಅರ್ಥವೇ ಇರಲಿಲ್ಲ. ಇಡೀ ಪದ ಆ ಹೆಸರಿಗಾಗಿಯೇ ಇತ್ತು.

ಫೋನಿನಲ್ಲಿ ಹುಡುಕಿದಾಗ, ಕೆಲವರು ಕಿರುಬೆರಳಿಗೆ ಲೋಹದ ಇಲ್ಲವೇ ಗಾಜಿನ ಸಣ್ಣ ಕೊಳವೆ ಹಾಕಿಕೊಂಡು ತಂತಿಯ ಮೇಲೆ ಜಾರಿಸುವುದು ಕಂಡಿತು. ಒತ್ತುವುದೇ ಬೇಡ, ಬರೀ ತಾಗಿಸಿದರೆ ಸಾಕು. ಸ್ವರ ಎಲ್ಲೂ ಮುರಿಯುವುದಿಲ್ಲ. ಒತ್ತಲು ಬಾರದ, ತಾಗಿದ್ದು ತಿಳಿಯದ ನನ್ನ ಕಿರುಬೆರಳನ್ನು ನೋಡಿಕೊಂಡೆ. ಇದಕ್ಕೆಂದೇ ಮಾಡಿದ ಕೆಲಸವದು. ಆದರೆ ಬಾಗಿದ ಬೆರಳು ಕೊಳವೆಯಲ್ಲಿ ಹೋಗುವುದಿಲ್ಲ. ಹೋದರೂ ಅದರ ಅಂಚು ಒಳಗೊಳಗೇ ಬೆರಳನ್ನು ಕೊರೆದರೆ ನನಗೆ ಗೊತ್ತಾಗುವುದಿಲ್ಲ. ಮೇಲೆ ನಾನು ಮಾಡಿದ ಆಣೆ.

ಎರಡು ದಿನ ನುಂಗಿಕೊಂಡಿದ್ದೆ. ಮೂರನೆಯ ಸಂಜೆ ಗಂಡ ಕೈ ನೋಡುತ್ತಿದ್ದಾಗ ಎಲ್ಲ ಹೇಳಿಬಿಟ್ಟೆ. ಪದ ನುಡಿಸಿ, ಹೆಸರಿನ ಜಾಗದಲ್ಲಿ ನಿಲ್ಲಿಸಿದೆ. ‘ಇಲ್ಲಿ ಅವ್ವ ಮಾಮಾನ ಹೆಸರ ಕರೀತಿದ್ಳು. ನನಗ ಕರಿಯಾಕ ಬರವಲ್ದು’ ಎಂದೆ. ಅವರು ‘ಹ್ಞೂಂ’ ಎಂದವರು ಎದ್ದು ಹೋದರು. ಸಿಟ್ಟಾದರು ಎಂದುಕೊಂಡೆ. ನಾಲ್ಕು ದಿನ ಆ ಮಾತು ಎತ್ತಲಿಲ್ಲ. ಅಂಗಡಿಯಲ್ಲಿ ಏನನ್ನೋ ಕಲ್ಲಿಗೆ ಉಜ್ಜುವ ಸದ್ದು ಮಾತ್ರ ಕೇಳುತ್ತಿತ್ತು.

ಐದನೆಯ ದಿನ ಚಹಾ ಕುಡಿದ ಮೇಲೆ ನನ್ನ ಕಿರುಬೆರಳು ಹಿಡಿದು ಅದರ ತುದಿಗೆ ಒಂದು ಹಿತ್ತಾಳೆಯ ಟೊಪ್ಪಿಗೆ ತೊಡಿಸಿದರು. ಕೈ ಹೊಲಿಗೆ ಹಾಕುವಾಗ ಸೂಜಿ ಚುಚ್ಚದಂತೆ ಟೇಲರ್‌ಗಳು ಬೆರಳಿಗೆ ಹಾಕಿಕೊಳ್ಳುವ ಅಂಗುಸ್ತಾನ ಅದು. ಅದರ ಮೇಲಿನ ಸಣ್ಣ ಸಣ್ಣ ಗುಳಿಗಳು ತಂತಿಗೆ ಕರಗುಟ್ಟಬಾರದೆಂದು ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಕನ್ನಡಿ ಮಾಡಿದ್ದರು. ಒಳಗೆ ಮೆತ್ತನೆಯ ಫ್ಲಾನೆಲ್ ಬಟ್ಟೆ ಕೂರಿಸಿದ್ದರು. ‘ಹೊಲಿಗಿ ಹೊರಗ ಮಾಡೇನಿ. ಒಳಗ ಬಂದ್ರ ತಿಕ್ತದ’ ಎಂದರು. ಆಮೇಲೆ ಕರಾರು ಹೇಳಿದರು: ಹತ್ತು ನಿಮಿಷ, ಅದಕ್ಕಿಂತ ಜಾಸ್ತಿ ಇಲ್ಲ. ತೊಡುವ ಮೊದಲು ಅವರು ಬೆರಳು ನೋಡಬೇಕು, ತೆಗೆದ ಮೇಲೆ ಅವರೇ ನೋಡಬೇಕು. ಎಲ್ಲಿ ಕೆಂಪಾದರೂ ಅವತ್ತಿಗೇ ಮುಗಿಯಿತು, ಗಿಟಾರು ಇಜೇರಿಗೆ. ನಾನು ತಲೆ ಆಡಿಸಿದೆ. ಇಪ್ಪತ್ತು ವರ್ಷ ಆ ಕೈಯಲ್ಲಿ ಗಾಯವನ್ನಷ್ಟೇ ಹುಡುಕಿದ ಮನುಷ್ಯ ಇವರು ಎಂದುಕೊಂಡಿದ್ದೆನಲ್ಲ, ನನಗೆ ನಾಚಿಕೆಯಾಯಿತು.

ಅಂಗುಸ್ತಾನವನ್ನು ಸಣ್ಣ ತಂತಿಗೆ ತಾಗಿಸಿ, ಮೀಟಿ, ಮಣಿಕಟ್ಟು ಸರಿಸಿದೆ. ಮನೆಯೊಳಗೆ ಯಾರೋ ಹೆಂಗಸು ‘ಆ…’ ಎಂದ ಹಾಗಾಯಿತು. ಮೊದಲ ದಿನದ ಸ್ವರ ಕುಡಿದವರ ಹಾಗೆ ಓಲಾಡಿತು, ಆದರೆ ಎಲ್ಲೂ ಮುರಿಯಲಿಲ್ಲ. ಆ ಬೆರಳು ತಂತಿಯನ್ನು ತಾಗಿದೆಯೋ ಇಲ್ಲವೋ ನನಗೆ ಕಣ್ಣಿಂದ ನೋಡಿಯೇ ತಿಳಿಯಬೇಕು. ಅದು ಸರಿದದ್ದು ಎಷ್ಟು ಅನ್ನುವುದನ್ನು ಕಿವಿಯಿಂದ ಕೇಳಿಯೇ ತಿಳಿಯಬೇಕು. ಆ ಬೆರಳಿನಲ್ಲಿ ನಾನು ಇಲ್ಲವೇ ಇಲ್ಲ. ನಾನಿಲ್ಲದ ಕಡೆಯಿಂದ ಆ ದನಿ ಬರುತ್ತಿತ್ತು. ಇಷ್ಟು ವರ್ಷ ವಿಜ್ಞಾನ ಕಲಿಸಿದ್ದೇನೆ, ಇದನ್ನು ಯಾವ ಪಾಠಕ್ಕೆ ಸೇರಿಸಬೇಕೋ ನನಗೆ ಗೊತ್ತಿಲ್ಲ.

ದಿನಕ್ಕೆ ಹತ್ತು ನಿಮಿಷದ ಲೆಕ್ಕದಲ್ಲಿ ಮಳೆಗಾಲ ಕಳೆದು ತೊಗರಿ ಹೂವಾಗುವ ಹೊತ್ತು ಬಂತು. ನಡುವೆ ಎರಡು ಸಲ ಬೆರಳಿನ ಮಗ್ಗುಲು ಕೆಂಪಾದ ಹಾಗೆ ಕಂಡಿತು. ಗಂಡ ಅಂಗುಸ್ತಾನ ಕಿತ್ತುಕೊಂಡು ಜೇಬಿಗೆ ಹಾಕಿದರು. ಎರಡು ಸಲವೂ ಅದು ಬೆಳಿಗ್ಗೆ ಸೀರೆಯಿಂದ ಹತ್ತಿದ ಬಣ್ಣ ಎಂದು ತೊಳೆದು ತೋರಿಸುವವರೆಗೆ ಕೊಡಲಿಲ್ಲ. ಡಾಕ್ಟರ್ ಬಾಯಿ ಹತ್ತಿರವೂ ಹೋದೆವು. ನನಗೆ ಕಣ್ಣು ಮುಚ್ಚಲು ಹೇಳಿ, ಪೆನ್ನಿನ ತುದಿಯಿಂದ ಅಲ್ಲಲ್ಲಿ ಮುಟ್ಟುತ್ತ, ‘ಈಗ ಎಲ್ಲಿ ಮುಟ್ಟೇನಿ?’ ಎಂದು ಕೇಳಿದರು. ಒಳಗೊಳಗೇ ಆಸೆಯಿತ್ತು, ಸುಳ್ಳು ಹೇಳುವುದಿಲ್ಲ. ಸಂಗೀತದಿಂದ ನರ ಚಿಗುರಿದ ಕಥೆಗಳನ್ನು ನಾನೂ ಓದಿದ್ದೆ. ಕಿರುಬೆರಳಿಗೆ ಏನೂ ತಿಳಿಯಲಿಲ್ಲ. ಮೊದಲಿನ ಹಾಗೇ ಇತ್ತು. ಅವರು ಅಂಗುಸ್ತಾನವನ್ನು ತಿರುಗಿಸಿ ತಿರುಗಿಸಿ, ಒಳಗಿನ ಬಟ್ಟೆಗೆ ಬೆರಳು ಹಾಕಿ ನೋಡಿ, ಗಂಡನ ಕಡೆ ತಿರುಗಿ, ‘ಯಾರ್ ಹೊಲದಾರ್ರಿ ಇದನ್ನ?’ ಎಂದರು. ಆಮೇಲೆ ನನಗೆ, ‘ಗಾಯ ಇಲ್ಲ. ಬಾರಸ್ರಿ’ ಎಂದರು. ಆಟ ಅನ್ನಲಿಲ್ಲ.

ಆ ಶನಿವಾರ ಶಾಲೆ ಬಿಟ್ಟ ಮೇಲೆ ಗಂಡನನ್ನೂ ಕರೆದುಕೊಂಡು ಇಜೇರಿಗೆ ಹೋದೆ. ಮಾಮಾ ಹೊಲದಿಂದ ಬಂದು ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತಿದ್ದರು. ಮಾಮಾರ ಹೆಂಡತಿ, ನನ್ನ ಅತ್ತೆ, ಒಳಗೆ ರೊಟ್ಟಿ ಬಡಿಯುತ್ತಿದ್ದರು. ಗಂಡ ನನ್ನ ಕೈ ನೋಡಿ ಅಂಗುಸ್ತಾನ ತೊಡಿಸಿದರು. ಮಾಮಾ ಮೊದಲು ಶ್ರುತಿ ಪರೀಕ್ಷೆ ಮಾಡಿ, ಒಂದು ತಂತಿ ಕೂದಲೆಳೆಯಷ್ಟು ಏರಿಸಿ, ಹ್ಞಾಂ ಎಂದು ಗೋಡೆಗೆ ಒರಗಿದರು.

ಹೆಬ್ಬೆರಳು ಬಿಟ್ಟೆ. ಅದು ಒಂದೆರಡು ಸುತ್ತು ತಿರುಗಿದ ಮೇಲೆ ಪದ ಎತ್ತಿಕೊಂಡೆ. ಮಾಮಾ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಮೊದಲ ನುಡಿ ಮುಗಿಯುತ್ತ ಬಂತು. ಕಿರುಬೆರಳನ್ನು ಕಣ್ಣಿಂದ ನೋಡಿಕೊಂಡು ತಂತಿಯ ಮೇಲೆ ಇಳಿಸಿದೆ. ಮಧ್ಯಮದಿಂದ ಪಂಚಮಕ್ಕೆ ಏರಿತು, ಅಲ್ಲಿ ತೂಗಿತು, ಜಾರುತ್ತ ಕೆಳಗೆ ಬಂತು. ಒಂದೇ ಉಸಿರು.

‘ಓ’ ಎಂದರು ಮಾಮಾ.

ಮೆಲ್ಲಗಲ್ಲ, ದೂರದಲ್ಲಿ ಆಡುತ್ತಿದ್ದವರು ಮನೆಯಿಂದ ಕೂಗಿದಾಗ ಓಗೊಡುವಷ್ಟು ಗಟ್ಟಿಯಾಗಿ. ಎಪ್ಪತ್ತು ವರ್ಷದ ಮನುಷ್ಯ ಗೋಡೆ ಬಿಟ್ಟು ಅರ್ಧ ಎದ್ದಿದ್ದರು. ಕಣ್ಣು ಬಿಟ್ಟು ನಮ್ಮಿಬ್ಬರನ್ನೂ ನೋಡಿ, ಮತ್ತೆ ಕೂರುವುದೋ ಏಳುವುದೋ ತಿಳಿಯದೆ ಹಾಗೇ ನಿಂತರು. ನನ್ನ ಕಣ್ಣಿಗೆ ತಂತಿ ಕಾಣದಾಯಿತು. ಹೆಬ್ಬೆರಳು ಮಾತ್ರ ನಿಲ್ಲದೆ ನಡೆದಿತ್ತು.

ಒಳಗಿನ ರೊಟ್ಟಿಯ ಸಪ್ಪಳ ನಿಂತು, ಹಿಟ್ಟಿನ ಕೈಯಲ್ಲೇ ಅತ್ತೆ ಬಾಗಿಲಿಗೆ ಬಂದರು. ‘ಯಾರ್ ಕರದ್ರು?’ ಎಂದು ಕೇಳಿದರು.

‘ಅಕ್ಕ’ ಎಂದರು ಮಾಮಾ.